8, 9ನೇ ತರಗತಿ ವಿಜ್ಞಾನ: ಬಾಯಿಪಾಠಕ್ಕಲ್ಲ, ತಿಳುವಳಿಕೆಗೆ ಅಂಕ ಕೊಡುವುದು ಹೇಗೆ?

ಪ್ರಶ್ನೆ (ವಿಜ್ಞಾನ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯೊಂದರಲ್ಲಿ ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿಯಾಗಿ ನನಗಿದು ಮೂರನೆಯ ವರ್ಷ. ಹೋದ ವಾರ ತರಗತಿಯಲ್ಲಿ ನಡೆದ ಸಂಗತಿಯೊಂದು ನನ್ನನ್ನು ಬಹಳ ಕಾಡುತ್ತಿರುವುದರಿಂದ, ಅನುಭವಿಗಳ ಅಭಿಪ್ರಾಯ ಕೇಳಿ ಬರೆಯುತ್ತಿದ್ದೇನೆ.

ಒಂಬತ್ತನೇ ತರಗತಿಯ ಮೊದಲ ಘಟಕ ಪರೀಕ್ಷೆಯಲ್ಲಿ ‘ಆವಿಯಾಗುವಿಕೆಯ ಮೇಲೆ ಪರಿಣಾಮ ಬೀರುವ ಅಂಶಗಳನ್ನು ಬರೆಯಿರಿ’ ಎಂದು ಕೇಳಿದ್ದೆ. 42 ಮಕ್ಕಳಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು ಮೇಲ್ಮೈ ವಿಸ್ತೀರ್ಣ, ತಾಪ, ಆರ್ದ್ರತೆ, ಗಾಳಿಯ ವೇಗ ಎಂದು ನಾನು ಬರೆಸಿದ ಕ್ರಮದಲ್ಲಿಯೇ ಬರೆದು ಪೂರ್ಣ ಅಂಕ ಪಡೆದರು. ಮರುದಿನ ಒಂದು ತಾಟಿಗೂ ಬಾಯಿ ಕಿರಿದಾದ ಒಂದು ಹಿತ್ತಾಳೆಯ ಚರಗಿಗೂ (ತಂಬಿಗೆಗೂ) ಒಂದೊಂದು ಲೋಟ ನೀರು ಹಾಕಿ, ಯಾವುದರ ನೀರು ಮೊದಲು ಆರುತ್ತದೆ, ಏಕೆ ಎಂದು ಕೇಳಿದಾಗ ಇಡೀ ತರಗತಿ ಸುಮ್ಮನಾಯಿತು. ಪೂರ್ಣ ಅಂಕ ಪಡೆದಿದ್ದ ಹುಡುಗನೊಬ್ಬ, ಹಿತ್ತಾಳೆ ಬೇಗ ಕಾಯುವುದರಿಂದ ಚರಗಿಯದೇ ಮೊದಲು ಎಂದ. ಆಗ ಹತ್ತಕ್ಕೆ ಎರಡು ಅಂಕ ಬಂದಿದ್ದ ಹುಡುಗಿಯೊಬ್ಬಳು ಹಿಂದಿನ ಸಾಲಿನಲ್ಲಿ ಎದ್ದು ನಿಂತು, ‘ತಾಟಿಂದ್ರೀ ಅಕ್ಕೋರೇ. ಸಂಡಿಗಿ ಒತ್ತೊತ್ತಿ ಇಟ್ರ ಒಣಗಂಗಿಲ್ಲಂತ ನಮ್ಮವ್ವ ಅಗಲಕ್ಕ ಹರವತಾಳ. ಗಾಳಿ ಆಡಿದ್ರಂತೂ ಇನ್ನೂ ಲಗೂ ಒಣಗತಾವ’ ಎಂದಳು.

ನಾಲ್ಕು ಅಂಶಗಳಲ್ಲಿ ಎರಡನ್ನು ಕಾರಣಸಹಿತ ಹೇಳಿದ ಆ ಮಗುವಿಗೆ ನಾನು ಆ ಪ್ರಶ್ನೆಗೆ ಕೊಟ್ಟಿದ್ದು ಸೊನ್ನೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು (ಕಲಿಕೆಯ ನಡುವೆಯೇ ಮಾಡುವ ಮೌಲ್ಯಮಾಪನಗಳು) ಇರುವುದೇ ಇಂಥದ್ದನ್ನು ಗುರುತಿಸಲಿ ಎಂದು. ಆದರೆ ನಾನು ಕಂಡಂತೆ ಅವೂ ಸಣ್ಣ ಲಿಖಿತ ಪರೀಕ್ಷೆಗಳಾಗಿ, ಅಂಗಡಿಯಿಂದ ತಂದ ಯೋಜನಾ ಕಾರ್ಯಗಳಾಗಿ ಮುಗಿದುಹೋಗುತ್ತವೆ. ಇರುವ ಚೌಕಟ್ಟಿನೊಳಗೇ ತಿಳುವಳಿಕೆಯನ್ನು ಅಳೆಯುವ ದಾರಿಯನ್ನು ಯಾರಾದರೂ ಕಂಡುಕೊಂಡಿದ್ದೀರಾ?

ಉತ್ತರ 1 (ವಿಜ್ಞಾನ ಶಿಕ್ಷಕ, ವಿಜಯಪುರ ಜಿಲ್ಲೆ)

ಮೇಡಂ, ನೀವು ಕೇಳಿದ ಪಾಠವನ್ನೇ ನಾನು ನಾಲ್ಕೈದು ವರ್ಷಗಳಿಂದ ದ್ರಾಕ್ಷಿಯ ಮೂಲಕ ಕಲಿಸುತ್ತಿದ್ದೇನೆ. ತಿಕೋಟಾ ಭಾಗದ ನನ್ನ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಸುಗ್ಗಿಯಲ್ಲಿ ಮಣೂಕದ (ಒಣದ್ರಾಕ್ಷಿಯ) ಶೆಡ್ಡುಗಳನ್ನು ನೋಡಿಕೊಂಡೇ ಬೆಳೆದವರು. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ, ಸುತ್ತಲೂ ಗಾಳಿಯಾಡುವ ಬಲೆಯ ಅಂತಸ್ತುಗಳ ಮೇಲೆ ಹರವುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ನೀರನ್ನು ಹೊರಗೆ ಬಿಡುವುದಿಲ್ಲ. ಆ ದ್ರಾವಣ ಮೇಣದ ತಡೆಯನ್ನು ಸಡಿಲಿಸುವುದರಿಂದ, ಹಾಗೆಯೇ ಬಿಟ್ಟರೆ ವಾರಗಟ್ಟಲೆ ಹಿಡಿಯುವ ಒಣಗುವಿಕೆ ಸುಮಾರು ಹದಿನೈದು ದಿನಗಳಲ್ಲಿ ಮುಗಿಯುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ ಬರುತ್ತದೆ ಎಂಬುದು ಅಲ್ಲಿ ದುಡಿಯುವ ಮಕ್ಕಳ ತಾಯಂದಿರಿಗೆ ಬಾಯಿಲೆಕ್ಕ. ಮೋಡ ಕವಿದು ಮಳೆ ಬಂದರೆ ಮನೆಮಂದಿಯೆಲ್ಲ ಏಕೆ ಕಂಗಾಲಾಗುತ್ತಾರೆ ಎಂದು ಕೇಳಿದರೆ, ಆರ್ದ್ರತೆ ಎಂಬ ಶಬ್ದ ಹುಟ್ಟುವ ಮೊದಲೇ ಆರ್ದ್ರತೆಯ ಪಾಠ ಹುಟ್ಟುತ್ತದೆ.

ನಾನು ಮಾಡುವುದು ಇಷ್ಟು. ಶೆಡ್ಡಿನಲ್ಲಿ ಆಗಲೇ ಅದ್ದಿ ತೆಗೆದ ಒಂದು ಗೊನೆ, ಅದ್ದದ ಒಂದು ಗೊನೆ ಮತ್ತು ಚಾಕುವಿನಿಂದ ಸೀಳಿದ ಹಣ್ಣುಗಳು, ಈ ಮೂರನ್ನೂ ಒಂದೇ ತೂಕಕ್ಕೆ ಸರಿಮಾಡಿ ವರಾಂಡದಲ್ಲಿಡುತ್ತೇವೆ. (ಆ ದ್ರಾವಣ ಕ್ಷಾರೀಯವಾದುದರಿಂದ ಮಕ್ಕಳ ಕೈಗೆ ಕೊಡುವುದಿಲ್ಲ, ಗೊನೆ ಹಿಡಿಯುವವರಿಗೂ ಕೈಗವಸು ಕಡ್ಡಾಯ.) ದಿನವೂ ಪಕ್ಕದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತಾರೆ. ಆದರೆ ತೂಗುವುದಕ್ಕಿಂತ ಮೊದಲು, ಯಾವುದು ಬೇಗ ಹಗುರವಾಗುತ್ತದೆ ಮತ್ತು ಏಕೆ ಎಂದು ಪ್ರತಿಯೊಂದು ಮಗುವೂ ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡಬೇಕು. ಐದು ಅಂಕಗಳ ಹಂಚಿಕೆ ಹೀಗಿದೆ: ಸರಿಯೋ ತಪ್ಪೋ, ಮೊದಲೇ ಊಹೆ ಬರೆದದ್ದಕ್ಕೆ ಒಂದು, ಕೊಟ್ಟ ಕಾರಣಕ್ಕೆ ಎರಡು, ಅಳತೆಯ ದಾಖಲೆಗೆ ಒಂದು, ಕೊನೆಯಲ್ಲಿ ತನ್ನ ಊಹೆಯನ್ನು ಅಳತೆಯೊಂದಿಗೆ ಹೋಲಿಸಿ ಬರೆದದ್ದಕ್ಕೆ ಒಂದು. ಊಹೆ ತಪ್ಪಿದ ಮಗುವಿಗೂ ಐದಕ್ಕೆ ಐದು ಬರುವ ಸಾಧ್ಯತೆ ಇರುವುದೇ ಇದರ ಜೀವಾಳ. ಚೀಟಿಗಳನ್ನು ಮಗುವಿನ ಕೆಲಸಗಳನ್ನು ಕೂಡಿಡುವ ಕೃತಿ ಸಂಪುಟದಲ್ಲಿ ಸೇರಿಸಿಬಿಟ್ಟರೆ ದಾಖಲೆಯ ಚಿಂತೆಯೂ ಇರುವುದಿಲ್ಲ.

ಧ್ವನಿಯ ಪಾಠಕ್ಕೂ ಇದೇ ಮಾತು ಹೇಳಬೇಕು. ಪ್ರತಿಧ್ವನಿ ಬೇರೆಯಾಗಿ ಕೇಳಲು ತಡೆ ಕನಿಷ್ಠ 17.2 ಮೀಟರ್ ದೂರದಲ್ಲಿರಬೇಕು ಎಂದು ನಮ್ಮ ಮಕ್ಕಳು ಉರುಹೊಡೆಯುತ್ತಾರೆ. 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟಕ್ಕೆ ಹೋಗಿ ಕೂಗಿ ಬಂದವರೂ ಅವರೇ. ಆದರೂ ಈ ಎರಡನ್ನೂ ನಾವು ಕೂಡಿಸುವುದಿಲ್ಲ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಧ್ವನಿಯ ವೇಗ ಸೆಕೆಂಡಿಗೆ 344 ಮೀಟರ್; ಎದುರು ಗೋಡೆಗೆ ಹೋಗಿ ಮರಳುವ ಧ್ವನಿಗೆ ಎಷ್ಟು ಹೊತ್ತು ಬೇಕು, ಅದು ಬೇರೆಯಾಗಿ ಕೇಳಿಸೀತೇ ಎಂದು ಕೇಳಿ ನೋಡಿರಿ. ಉತ್ತರ 0.22 ಸೆಕೆಂಡ್ ಎಂದು ಬಂದಾಗ, ಪ್ರತಿಧ್ವನಿ ಬೇರೆಯಾಗಿ ಕೇಳಲು ಬೇಕಾದ 0.1 ಸೆಕೆಂಡಿಗಿಂತ ಅದು ಹೆಚ್ಚೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ಉತ್ತರ 2 (ಪಾಲಕಿ, ಗೋಕಾಕ)

ನಾನು ಶಿಕ್ಷಕಿಯಲ್ಲ, ಎಂಟನೇ ತರಗತಿಯಲ್ಲಿ ಓದುವ ಹುಡುಗನ ತಾಯಿ. ಹೋದ ವರ್ಷ ಮಗನಿಗೆ ಜಲವಿದ್ಯುತ್ ಕುರಿತು ಯೋಜನಾ ಕಾರ್ಯ ಕೊಟ್ಟಿದ್ದರು. ಬಣ್ಣದ ಚಿತ್ರಗಳಿರುವ ಮುದ್ರಿತ ಹಾಳೆಗಳನ್ನು ಝೆರಾಕ್ಸ್ ಅಂಗಡಿಯಿಂದ ತಂದು, ರಟ್ಟು ಹಾಕಿಸಿ ಕೊಟ್ಟವಳು ನಾನೇ. ಪೂರ್ಣ ಅಂಕ ಬಂತು. 1887ರಲ್ಲಿಯೇ ವಿದ್ಯುತ್ ಉತ್ಪಾದನೆ ಆರಂಭವಾದ ಗೋಕಾಕ ಫಾಲ್ಸ್ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಆ ಹಾಳೆಗಳಲ್ಲಿ ಅದರ ಹೆಸರೂ ಇರಲಿಲ್ಲ, ಮೇಲಿನಿಂದ ಬೀಳುವ ನೀರಿಗೆ ಚಕ್ರ ತಿರುಗಿಸುವ ಶಕ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಗನಿಗೆ ಹೇಳಲೂ ಬರಲಿಲ್ಲ. ಶಿಕ್ಷಕರಲ್ಲಿ ನನ್ನದೊಂದೇ ವಿನಂತಿ. ಯೋಜನಾ ಕಾರ್ಯ ತಂದ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಎರಡು ನಿಮಿಷ ಪ್ರಶ್ನೆ ಕೇಳಿರಿ. ಮಕ್ಕಳನ್ನು ಕೇಳುತ್ತಾರೆಂದು ಗೊತ್ತಾದರೆ ನಮ್ಮಂಥ ಪಾಲಕರು ಅಂಗಡಿಗೆ ಹೋಗುವುದನ್ನು ತಾವಾಗಿಯೇ ಬಿಡುತ್ತಾರೆ.

ಉತ್ತರ 3 (ಹಿರಿಯ ಪಿಸಿಎಂ, ಅಂದರೆ ಭೌತಶಾಸ್ತ್ರ–ರಸಾಯನಶಾಸ್ತ್ರ–ಗಣಿತ ಶಿಕ್ಷಕ, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ)

ಮೇಲಿನ ಗುರುಗಳ ಕ್ರಮವನ್ನು ಮೆಚ್ಚುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ಇದೇ ಮಗು ಎಸ್ಸೆಸ್ಸೆಲ್ಸಿಗೆ ಹೋದಾಗ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಮಾತ್ರ ಆಂತರಿಕ ಮೌಲ್ಯಮಾಪನಕ್ಕೆ. ಸಂಡಿಗೆಯ ಮಾತು ಹೇಳಿದ ಹುಡುಗಿಗೆ ಬಾಯಲ್ಲಿ ಹೇಳಿದ್ದನ್ನು ಹಾಳೆಯ ಮೇಲೆ ಇಳಿಸಲು ನಾವು ಕಲಿಸದಿದ್ದರೆ, ಹತ್ತನೇ ತರಗತಿಯಲ್ಲಿ ಅವಳ ಕೈಗೆ ಸಿಗುವುದು ಪಾಸಾಗಲು ಬೇಕಾದಷ್ಟನ್ನೇ ಕೊಡುವ ಪಾಸಿಂಗ್ ಪ್ಯಾಕೇಜ್ ಮಾತ್ರ. 2024ರ ಮಾರ್ಚ್‌ನಲ್ಲಿ 5, 8 ಮತ್ತು 9ನೇ ತರಗತಿಗಳಿಗೂ ರಾಜ್ಯ ಮಟ್ಟದ ಮೌಲ್ಯಾಂಕನ ನಡೆದು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಫಲಿತಾಂಶಕ್ಕೆ ತಡೆ ನೀಡಿದ್ದು ನಿಮಗೆ ನೆನಪಿರಬಹುದು. ಆ ಗೊಂದಲದ ತಿಂಗಳುಗಳಲ್ಲಿ ಪರೀಕ್ಷೆ ಯಾರು ನಡೆಸಬೇಕು ಎಂಬ ಚರ್ಚೆ ಸಾಕಷ್ಟು ಆಯಿತು. ಪ್ರಶ್ನೆಪತ್ರಿಕೆಯಲ್ಲಿ ಏನು ಕೇಳಬೇಕು ಎಂಬ ಚರ್ಚೆಯನ್ನು ನಾನಂತೂ ಎಲ್ಲಿಯೂ ಕೇಳಲಿಲ್ಲ.

ಆದ್ದರಿಂದ ನನ್ನ ಸಲಹೆ ಲಿಖಿತ ಪ್ರಶ್ನೆಯನ್ನೇ ಬದಲಿಸುವುದು. ಪ್ರಶ್ನೆಪತ್ರಿಕೆಯ ಅಂಕ ಹಂಚಿಕೆಯ ನೀಲನಕ್ಷೆಯಲ್ಲಿ ಅನ್ವಯಕ್ಕೆ ಜಾಗವಿದ್ದೇ ಇದೆ. ನಾವು ಅಲ್ಲಿಯೂ ಪಾಠದ ಕೊನೆಯ ಅಭ್ಯಾಸದ ಪ್ರಶ್ನೆಯನ್ನೇ ತುಂಬುತ್ತೇವೆ. ಚಲನೆಯ ಪಾಠದಲ್ಲಿ ದೂರ–ಕಾಲ ನಕ್ಷೆಯನ್ನು ತೆಗೆದುಕೊಳ್ಳಿರಿ. ಏರಿ, ನಡುವೆ ಮಟ್ಟವಾಗಿ, ಮತ್ತೆ ಏರುವ ಗೆರೆಯನ್ನು ಕೊಟ್ಟು ಇದೇನು ಎಂದು ಕೇಳಿದರೆ, ‘ಗುಡ್ಡ ಹತ್ತಿ, ಬಯಲಲ್ಲಿ ನಡೆದು, ಮತ್ತೊಂದು ಗುಡ್ಡ ಹತ್ತಿದ’ ಎಂದು ಬರೆಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ನಕ್ಷೆಯನ್ನು ಅವರು ದಾರಿಯ ಚಿತ್ರವೆಂದು ಓದುತ್ತಾರೆ. ವೇಗದ ವ್ಯಾಖ್ಯೆಗೆ ಪೂರ್ಣ ಅಂಕ ಪಡೆದವರಲ್ಲಿಯೂ ಈ ತಪ್ಪು ಇರುತ್ತದೆ, ವ್ಯಾಖ್ಯೆಯನ್ನಷ್ಟೇ ಕೇಳಿದರೆ ಅದು ಎಂದಿಗೂ ಹೊರಬೀಳುವುದಿಲ್ಲ. ಈಗ ನಾನು, ಮನೆಯಿಂದ ಹೊರಟು, ದಾರಿಯ ನಳದ ಬಳಿ ನಿಂತು ನೀರು ಕುಡಿದು, ಗಂಟೆ ಕೇಳಿ ಓಡುತ್ತಾ ಶಾಲೆ ಸೇರಿದ ಹುಡುಗನ ನಕ್ಷೆ ಬಿಡಿಸಲು ಹೇಳುತ್ತೇನೆ. ನಿಂತ ಹೊತ್ತಿಗೆ ಮಟ್ಟ ಗೆರೆ, ಓಡಿದ ಹೊತ್ತಿಗೆ ಕಡಿದಾದ ಗೆರೆ ಬಂದರೆ ವೇಗ ಅರ್ಥವಾಗಿದೆ ಎಂದೇ ಅರ್ಥ. ಮೂರು ಅಂಕದ ಪ್ರಶ್ನೆ. ಎಪ್ಪತ್ತು ಮಕ್ಕಳ ತರಗತಿಯಲ್ಲಿಯೂ ಒಂದೇ ಸಂಜೆಯಲ್ಲಿ ತಿದ್ದಿ ಮುಗಿಸಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ದ್ರಾಕ್ಷಿಯ ಸುಗ್ಗಿ ಬರುವವರೆಗೆ ಕಾಯಲಾಗದ ಕಾರಣ, ಈಗಿನ ಆಷಾಢದ ಗಾಳಿಯಲ್ಲಿ ಒಂದೇ ಅಳತೆಯ ನಾಲ್ಕು ಒದ್ದೆ ಬಟ್ಟೆಗಳನ್ನು ಬಳಸಬೇಕೆಂದಿದ್ದೇನೆ: ಒಂದನ್ನು ಮಡಚಿ, ಒಂದನ್ನು ಹರವಿ ತರಗತಿಯೊಳಗೆ, ಹಾಗೆಯೇ ಮಡಚಿದ್ದೊಂದು, ಹರವಿದ್ದೊಂದು ವರಾಂಡದಲ್ಲಿ. ಚೀಟಿಯ ಕ್ರಮ ವಿಜಯಪುರದ ಗುರುಗಳದು. ಎರಡು ನಿಮಿಷದ ಪ್ರಶ್ನೆಗಳನ್ನು ದಿನಕ್ಕೆ ಐದು ಮಕ್ಕಳಂತೆ ಕೇಳಿದರೆ ಎರಡು ವಾರದೊಳಗೆ 42 ಮಕ್ಕಳೂ ಮುಗಿಯುತ್ತಾರೆ. ಒಂದು ಸಂದೇಹ ಮಾತ್ರ ಉಳಿದಿದೆ. ಚೀಟಿಯಲ್ಲಿ ಮಗು ‘ಲಗೂ ಒಣಗತೈತಿ’ ಎಂದು ಮನೆಮಾತಿನಲ್ಲಿ ಬರೆದರೆ ಪೂರ್ಣ ಅಂಕ ಕೊಡಬಹುದೇ?

ಉತ್ತರ 4 (ಹಿರಿಯ ಪಿಸಿಎಂ ಶಿಕ್ಷಕ)

ಕೊಡಲೇಬೇಕು ಮೇಡಂ. ಕಾರಣಕ್ಕೆ ಇಟ್ಟ ಎರಡು ಅಂಕ ಕಾರಣಕ್ಕೇ ಹೋಗಲಿ. ಅಂಕ ಕೊಟ್ಟ ಮೇಲೆ ಅದೇ ಚೀಟಿಯ ಕೆಳಗೆ, ಪಠ್ಯದ ಶಬ್ದಗಳನ್ನು ಬಳಸಿ ಅದೇ ವಾಕ್ಯವನ್ನು ಇನ್ನೊಮ್ಮೆ ಬರೆಯಲು ಹೇಳಿರಿ. ಆ ಎರಡನೆಯ ವಾಕ್ಯಕ್ಕೆ ಈಗ ಅಂಕ ಬೇಡ. ಅವಧಿಯ ಕೊನೆಯ ಸಂಕಲನಾತ್ಮಕ ಪರೀಕ್ಷೆಯಲ್ಲಿ ಅದು ತಾನಾಗಿಯೇ ಬರುತ್ತದೆ. ನನ್ನ ತರಗತಿಯಲ್ಲಿ ಮಕ್ಕಳು ಮೊದಲ ವಾಕ್ಯ ಬರೆಯಲು ಹೆದರುವುದು ನಿಂತದ್ದು, ಅದರ ಮೇಲೆ ನಾನು ಕೆಂಪು ಗೀಟು ಎಳೆಯುವುದನ್ನು ನಿಲ್ಲಿಸಿದ ಮೇಲೆ.