ಹೌಸ್ ಬ್ಯಾಟರಿ ಬದಲಿಸಬೇಕು: ಮತ್ತೆ ಲೆಡ್ ಆಸಿಡ್ ಹಾಕಲಾ, ಲಿಥಿಯಂಗೆ ಹೋಗಲಾ?

ಲಂಗರುಗಾರ:

ನಮಸ್ಕಾರ ಎಲ್ಲರಿಗೂ. ನಮ್ಮದು 36 ಅಡಿಯ ಹಾಯಿದೋಣಿ. ನಾನು, ನನ್ನ ಹೆಂಡತಿ ವರ್ಷದ ಬಹುಪಾಲು ಅದರಲ್ಲೇ ಇರುತ್ತೇವೆ. ಮರೀನಾದಲ್ಲಿ ಕಟ್ಟುವುದು ಅಪರೂಪ, ಲಂಗರು ಹಾಕಿ ನಿಲ್ಲುವುದೇ ಜಾಸ್ತಿ.

ಹೌಸ್ ಬ್ಯಾಟರಿ (ದೀಪ, ಫ್ರಿಜ್ ಎಲ್ಲ ನಡೆಸುವ ಬ್ಯಾಟರಿ) ಅಂತ 6 ವೋಲ್ಟಿನ ಗಾಲ್ಫ್ ಕಾರ್ಟ್ ಬ್ಯಾಟರಿ ನಾಲ್ಕು ಇವೆ. ನೀರು ಹಾಕುವ ಲೆಡ್ ಆಸಿಡ್. ಹೊಸದರಲ್ಲಿ ಒಟ್ಟು 450 ಆಂಪ್-ಅವರ್. ಈಗ ನಾಲ್ಕನೇ ವರ್ಷ. ಬೆಳಗಿನ ಜಾವ ಫ್ರಿಜ್ ಕಂಪ್ರೆಸರ್ ಶುರುವಾದರೆ ವೋಲ್ಟೇಜ್ 11.6ಕ್ಕೆ ಬೀಳುತ್ತದೆ. ಆದರೆ ಬ್ಯಾಟರಿ ಮಾನಿಟರ್ ಇನ್ನೂ 78% ಇದೆ ಅನ್ನುತ್ತದೆ! ಯಾವುದನ್ನು ನಂಬಬೇಕು ಗೊತ್ತಾಗುತ್ತಿಲ್ಲ.

ಚಾರ್ಜ್ ಆಗುವುದು 200 ವ್ಯಾಟ್ ಸೋಲಾರ್‌ನಿಂದ. ಜೊತೆಗೆ ದಿನಾ ಒಂದು ಗಂಟೆ ಇಂಜಿನ್ ಓಡಿಸುತ್ತೇವೆ. ಆಲ್ಟರ್ನೇಟರ್ (ಇಂಜಿನ್ ತಿರುಗಿಸುವ ಜನರೇಟರ್) 80 ಆಂಪ್, ರೆಗ್ಯುಲೇಟರ್ ಅದರೊಳಗೇ ಇದೆ. ಇಂಜಿನ್ ಸ್ಟಾರ್ಟ್ ಮಾಡಲು ಬೇರೆ ಎಜಿಎಂ (ಸೀಲ್ ಮಾಡಿದ ಲೆಡ್ ಆಸಿಡ್) ಬ್ಯಾಟರಿ ಇದೆ, ಅದು ಚೆನ್ನಾಗಿದೆ.

ಇದೇ ಥರದ್ದು ಮತ್ತೆ ತರಲಾ, ಎಜಿಎಂ ಹಾಕಲಾ, ಇಲ್ಲ ಲಿಥಿಯಂ? ಪಾನಾ, ಮಲ್ಟಿಮೀಟರ್ ಹಿಡಿದು ಕೆಲಸ ಮಾಡಿ ಅಭ್ಯಾಸ ಇದೆ. ನಾನೇ ಕೂರಿಸಬಹುದಾ?

ತಂತಿಮೇಸ್ತ್ರಿ:

ನಮಸ್ಕಾರ ಸರ್. ದೋಣಿಗಳ ವೈರಿಂಗೇ ನನ್ನ ಕಸುಬು. ಯಾವ ಬ್ಯಾಟರಿ ಅಂತ ಕೇಳಿದವರಿಗೆಲ್ಲ ನಾನು ಮೊದಲು ಕೇಳುವುದು, ಹಳೆಯದು ಯಾಕೆ ಸತ್ತಿತು ಅಂತ. ಅದು ಗೊತ್ತಿಲ್ಲದೆ ಹೊಸದು ತಂದರೆ ಅದೂ ಅಷ್ಟೇ ವರ್ಷಕ್ಕೆ ಹೋಗುತ್ತದೆ.

ನಿಮ್ಮ ಲೆಕ್ಕ ಹಾಕೋಣ. ಫ್ರಿಜ್ ಓಡುವಾಗ 5 ಆಂಪ್ ಎಳೆಯುತ್ತದೆ ಅಂದುಕೊಳ್ಳಿ, ದಿನದ ಅರ್ಧ ಹೊತ್ತು ಓಡುತ್ತದೆ. ಅಲ್ಲಿಗೆ 60 ಆಂಪ್-ಅವರ್. ದೀಪ, ಫೋನು, ರೇಡಿಯೋ, ನೀರಿನ ಪಂಪು ಸೇರಿ ಇನ್ನೊಂದು 30. ದಿನಕ್ಕೆ 90 ಬೇಕು. ನಿಮ್ಮ 200 ವ್ಯಾಟ್ ಪ್ಯಾನಲ್ ಒಳ್ಳೆ ಬಿಸಿಲಲ್ಲಿ 60–70 ಕೊಟ್ಟೀತು. ಬೂಮ್ (ಹಾಯಿಯ ಅಡ್ಡಕಂಬ) ನೆರಳು ಬಿದ್ದರೆ ಅದೂ ಇಲ್ಲ. ಉಳಿದದ್ದನ್ನು ಇಂಜಿನ್ ಕೊಡಬೇಕು.

ತೊಂದರೆ ಇರುವುದು ಇಲ್ಲೇ. ಲೆಡ್ ಆಸಿಡ್ ಬ್ಯಾಟರಿ 80% ತನಕ ಬೇಗ ತುಂಬುತ್ತದೆ. ಕೊನೆಯ 20% ಬಹಳ ನಿಧಾನ, ಎಷ್ಟು ದೊಡ್ಡ ಚಾರ್ಜರ್ ಹಾಕಿದರೂ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ನೀವು ಇಂಜಿನ್ ಆರಿಸಿರುತ್ತೀರಿ, ಸೂರ್ಯನೂ ಇಳಿದಿರುತ್ತಾನೆ. ವಾರಗಟ್ಟಲೆ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ಪ್ಲೇಟುಗಳ ಮೇಲೆ ಕೂತ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಲಂಗರಿನಲ್ಲಿ ನಿಲ್ಲುವ ದೋಣಿಗಳ ಬ್ಯಾಟರಿ ಬಹುಪಾಲು ಸಾಯುವುದು ಹೀಗೇ. ಜಾಸ್ತಿ ಬಳಸಿ ಸಾಯುವುದಲ್ಲ, ಪೂರ್ತಿ ತುಂಬದೆ ಸಾಯುವುದು.

ಮಾನಿಟರ್ ವಿಷಯ. ಅದು ಒಳಗೆ ಹೋದ, ಹೊರಗೆ ಬಂದ ಆಂಪ್‌ಗಳನ್ನು ಎಣಿಸುತ್ತದೆ, ಅಷ್ಟೇ. ಒಟ್ಟು 450 ಇದೆ ಅಂತ ನೀವು ಸೆಟ್ ಮಾಡಿದ್ದೀರಿ, ಅದು ಅದನ್ನೇ ನಂಬಿಕೊಂಡಿದೆ. 100 ಖರ್ಚಾದರೆ 78% ಉಳಿದಿದೆ ಅನ್ನುತ್ತದೆ. ಬ್ಯಾಟರಿಯ ನಿಜವಾದ ಹೊಟ್ಟೆ ಎಷ್ಟು ಕುಗ್ಗಿದೆ ಅಂತ ಅದಕ್ಕೆ ಗೊತ್ತಿಲ್ಲ. ವೋಲ್ಟೇಜ್ ಹೇಳುತ್ತಿರುವುದನ್ನೇ ನಂಬಿ.

ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟು, ಹೈಡ್ರೋಮೀಟರ್‌ನಿಂದ (ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಸಾಧನ) ಒಂದೊಂದು ಸೆಲ್ ನೋಡಿ. ಚೆನ್ನಾಗಿರುವ ಸೆಲ್ 1.265ರ ಆಚೆ ಈಚೆ ತೋರಿಸಬೇಕು. ಎಲ್ಲವೂ ಸಮನಾಗಿ ಕೆಳಗಿದ್ದರೆ ಈಕ್ವಲೈಸ್ (ಬೇಕೆಂದೇ ಹೆಚ್ಚು ವೋಲ್ಟೇಜಲ್ಲಿ ಚಾರ್ಜ್) ಮಾಡಿ ನೋಡಬಹುದು, ಸ್ವಲ್ಪ ಮೇಲೆ ಬರುತ್ತದೆ. ಒಂದೇ ಸೆಲ್ 0.050ಗಿಂತ ಹಿಂದೆ ಬಿದ್ದಿದ್ದರೆ ಆ ಬ್ಯಾಟರಿ ಮುಗಿದಂತೆ. ಅದೊಂದನ್ನೇ ಬದಲಿಸಬೇಡಿ. ಹಳೆಯವು ಹೊಸದನ್ನೂ ಕೆಳಗೆ ಎಳೆಯುತ್ತವೆ.

ಎಜಿಎಂ ಬಗ್ಗೆ: ನೀರು ಹಾಕಬೇಕಿಲ್ಲ, ದೋಣಿ ವಾಲಿದರೆ ಆಸಿಡ್ ಚೆಲ್ಲುವುದಿಲ್ಲ, ಚಾರ್ಜ್ ಬೇಗ ತಗೊಳ್ಳುತ್ತದೆ. ಆದರೆ ಅದೂ ಲೆಡ್ಡೇ ಅಲ್ವಾ? ಪೂರ್ತಿ ತುಂಬಿಸದಿದ್ದರೆ ಅದೂ ಹಾಗೇ ಹೋಗುತ್ತದೆ. ನಿಮ್ಮ ಬಳಕೆಗೆ ಅದು ಉತ್ತರವಲ್ಲ.

ಲಿಥಿಯಂ ಐರನ್ ಫಾಸ್ಫೇಟ್‌ನ ದೊಡ್ಡ ಗುಣ ಅಂದರೆ ಅರ್ಧ ತುಂಬಿದ್ದರೂ ಅದಕ್ಕೆ ಏನೂ ಆಗುವುದಿಲ್ಲ. 50–60%ನಲ್ಲೇ ವಾರಗಟ್ಟಲೆ ಆಡುತ್ತಿರಬಹುದು. ಲೆಡ್‌ನಲ್ಲಿ ಅರ್ಧ ಬಳಸಿ ನಿಲ್ಲಿಸಬೇಕು, ಇದರಲ್ಲಿ 80% ಬಳಸಬಹುದು. ಹಾಗಾಗಿ 300 ಆಂಪ್-ಅವರ್ ಲಿಥಿಯಂ ನಿಮ್ಮ 450ಕ್ಕೆ ಸಮ. ಭಾರವೂ ನೋಡಿ. ಈಗಿನ ನಾಲ್ಕು ಸೇರಿ 110 ಕಿಲೋ ಹತ್ತಿರ ಇರುತ್ತವೆ. ಲಿಥಿಯಂ ಅದರ ಮೂರನೇ ಒಂದು ಭಾಗ. ವಾರಾಂತ್ಯಕ್ಕೆ ಹೋಗಿ ಬಂದು ಮರೀನಾದಲ್ಲಿ ಪ್ಲಗ್ ಹಾಕುವ ದೋಣಿಯಾಗಿದ್ದರೆ ನಾನೇ ಮತ್ತೆ ಗಾಲ್ಫ್ ಕಾರ್ಟ್ ಬ್ಯಾಟರಿ ಹಾಕಿ ಅನ್ನುತ್ತಿದ್ದೆ. ನಿಮ್ಮದು ಹಾಗಲ್ಲ.

ದೂರತೀರ:

ಮೇಸ್ತ್ರಿ ಸರ್ ಹೇಳಿದ್ದು ಸರಿ, ಆದರೂ ಒಂದು ಮಾತು. ಇನ್ನೊಂದು 200 ವ್ಯಾಟ್ ಪ್ಯಾನಲ್ ಹಾಕಿದರೆ ಲೆಡ್ ಆಸಿಡ್ ಕೂಡ ಮಧ್ಯಾಹ್ನಕ್ಕೆ ತುಂಬುತ್ತದೆ. ನಮ್ಮ ದೋಣಿಯಲ್ಲಿ ಹಾಗೇ ನಡೆಯುತ್ತಿದೆ, ಇಂಜಿನ್ ಓಡಿಸುವುದೇ ಬೇಡ. ಗಾಲ್ಫ್ ಕಾರ್ಟ್ ಬ್ಯಾಟರಿ ಬಹಳ ಕಡೆ ಸಿಗುತ್ತದೆ, ರಿಪೇರಿಗೆ ಸಾಫ್ಟ್‌ವೇರ್ ಬೇಕಿಲ್ಲ.

ಲಿಥಿಯಂನಲ್ಲಿ ನನಗೆ ಭಯ ಒಂದೇ. ಏನೋ ಎಡವಟ್ಟಾಗಿ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಪಾಡುವ ಸರ್ಕ್ಯೂಟ್) ಕಟ್ ಮಾಡಿತು ಅಂದರೆ ನಡುರಾತ್ರಿ ಆಟೋಪೈಲಟ್, ನ್ಯಾವಿಗೇಷನ್ ದೀಪ, ರೇಡಿಯೋ ಎಲ್ಲ ಒಟ್ಟಿಗೆ ಆರುತ್ತವೆ. ಲೆಡ್ ಹಾಗಲ್ಲ. ದೀಪ ಮಂಕಾಗುತ್ತದೆ, ನಮಗೆ ಗೊತ್ತಾಗುತ್ತದೆ, ಏನಾದರೂ ಮಾಡಲು ಸಮಯ ಸಿಗುತ್ತದೆ.

ತಂತಿಮೇಸ್ತ್ರಿ:

ಮೇಡಂ ಹೇಳಿದ ಭಯ ನಿಜವಾದದ್ದೇ. ಅದಕ್ಕೇ ನಾನು ಒಂದೇ ದೊಡ್ಡ ಬ್ಯಾಟರಿ ಹಾಕುವುದಿಲ್ಲ. 150 ಆಂಪ್-ಅವರ್‌ನದ್ದು ಎರಡು ಹಾಕಿದರೆ ಎರಡಕ್ಕೂ ಬೇರೆ ಬೇರೆ ಬಿಎಂಎಸ್ ಇರುತ್ತದೆ. ಒಂದರಲ್ಲಿ ದೋಷ ಬಂದು ಅದು ಆರಿದರೂ ಇನ್ನೊಂದು ನಡೆಸುತ್ತದೆ. ಎರಡೂ ಹೋದರೆ ಸ್ಟಾರ್ಟರ್ ಬ್ಯಾಟರಿಯಿಂದ ಮುಖ್ಯ ಲೋಡ್ ನಡೆಸಲು ಒಂದು ಸ್ವಿಚ್ ಇಡಬೇಕು. ಪ್ಯಾನಲ್ ಜಾಸ್ತಿ ಮಾಡಿ ಅನ್ನುವುದಕ್ಕೂ ನನ್ನ ಓಟು ಇದೆ, ಯಾವ ಬ್ಯಾಟರಿ ಹಾಕಿದರೂ.

ಲಂಗರುಗಾರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೈಡ್ರೋಮೀಟರ್ ಹಾಕಿ ನೋಡಿದೆ. ಮೂರನೇ ಬ್ಯಾಟರಿಯ ನಡುವಿನ ಸೆಲ್ 1.190, ಉಳಿದವು 1.240–1.250. ನಾನು, ಹೆಂಡತಿ ಕೂತು ಮಾತಾಡಿದೆವು. 150ರ ಲಿಥಿಯಂ ಎರಡು ಅಂತ ತೀರ್ಮಾನವಾಯಿತು, ಪ್ಯಾನಲ್ ಕೂಡ ಒಂದು ಹೆಚ್ಚಿಗೆ. ಈಗ ಕೂರಿಸುವುದರ ಬಗ್ಗೆ ಹೇಳಿ. ಆಲ್ಟರ್ನೇಟರ್ ಸುಟ್ಟುಹೋಗುತ್ತದೆ ಅಂತ ಹೆದರಿಸುವವರು ಬಹಳ ಜನ.

ತಂತಿಮೇಸ್ತ್ರಿ:

ಅವರು ಹೇಳುವುದು ಸುಳ್ಳಲ್ಲ ಸರ್. ಲೆಡ್ ಬ್ಯಾಟರಿ ತುಂಬುತ್ತಾ ಬಂದ ಹಾಗೆ ಕರೆಂಟ್ ಕಡಿಮೆ ತಗೊಳ್ಳುತ್ತದೆ, ಆಲ್ಟರ್ನೇಟರ್‌ಗೆ ಉಸಿರಾಡಲು ಬಿಡುತ್ತದೆ. ಲಿಥಿಯಂ ಹೆಚ್ಚುಕಡಿಮೆ ಕೊನೆತನಕ ಕೊಟ್ಟಷ್ಟೂ ಎಳೆಯುತ್ತದೆ. ಲಂಗರಿನಲ್ಲಿ ಇಂಜಿನ್ ಮೆಲ್ಲಗೆ ಓಡುವಾಗ ಆಲ್ಟರ್ನೇಟರ್ ಫ್ಯಾನೂ ಮೆಲ್ಲಗೇ ತಿರುಗುತ್ತದೆ, ಕಾವು ಏರಿ ಸುಡುತ್ತದೆ. ಇನ್ನೊಂದು, ಚಾರ್ಜ್ ಆಗುವಾಗ ಬಿಎಂಎಸ್ ದಿಢೀರ್ ಕಟ್ ಮಾಡಿದರೆ ವೋಲ್ಟೇಜ್ ಮೇಲಕ್ಕೆ ಜಿಗಿದು ಡಯೋಡುಗಳು ಹೋಗುತ್ತವೆ. ಎರಡಕ್ಕೂ ಸುಲಭದ ದಾರಿ ಒಂದೇ. ಆಲ್ಟರ್ನೇಟರ್ ತಂತಿಯನ್ನು ಸ್ಟಾರ್ಟರ್ ಬ್ಯಾಟರಿಗೆ ಮಾತ್ರ ಕೊಡಿ. ಅಲ್ಲಿಂದ ಲಿಥಿಯಂಗೆ 30 ಆಂಪ್ ಡಿಸಿ-ಡಿಸಿ ಚಾರ್ಜರ್ (ಒಂದು ಬ್ಯಾಟರಿಯಿಂದ ಇನ್ನೊಂದನ್ನು ತುಂಬುವ ಚಾರ್ಜರ್) ಹಾಕಿ. ಅದು ಮಿತಿ ಮೀರಿ ಎಳೆಯಲು ಬಿಡುವುದಿಲ್ಲ, ಬಿಎಂಎಸ್ ಕಟ್ ಮಾಡಿದರೂ ಆಲ್ಟರ್ನೇಟರ್‌ಗೆ ಸ್ಟಾರ್ಟರ್ ಬ್ಯಾಟರಿ ಇದ್ದೇ ಇರುತ್ತದೆ. ಒಂದು ಗಂಟೆ ಇಂಜಿನ್‌ಗೆ 30 ಆಂಪ್-ಅವರ್ ಹತ್ತಿರ ಬರುತ್ತದೆ, ನಿಮಗೆ ಕಡಿಮೆ ಬೀಳುತ್ತಿದ್ದದ್ದು ಅಷ್ಟೇ.

ಫ್ಯೂಸ್ ವಿಷಯದಲ್ಲಿ ಚೌಕಾಸಿ ಬೇಡ. ಲಿಥಿಯಂ ಶಾರ್ಟ್ ಆದರೆ ಸಾವಿರಾರು ಆಂಪ್ ನುಗ್ಗುತ್ತದೆ. ಸಾಮಾನ್ಯ ಫ್ಯೂಸ್ ಕರಗಿದರೂ ನಡುವೆ ಕಿಡಿ ಹತ್ತಿಕೊಂಡು ಕರೆಂಟ್ ಹರಿಯುತ್ತಲೇ ಇರಬಹುದು. ಕ್ಲಾಸ್ ಟಿ ಫ್ಯೂಸ್ 20,000 ಆಂಪ್ ತನಕ ಕತ್ತರಿಸುತ್ತದೆ. ಎರಡೂ ಬ್ಯಾಟರಿಯ ಪ್ಲಸ್‌ಗೆ ಒಂದೊಂದು ಹಾಕಿ. ಬ್ಯಾಟರಿಯಿಂದ 7 ಇಂಚಿನೊಳಗೆ ಅನ್ನುವುದು ಎಬಿವೈಸಿ (ದೋಣಿಗಳ ಸುರಕ್ಷತಾ ಮಾನದಂಡ ಮಾಡುವ ಅಮೆರಿಕದ ಸಂಸ್ಥೆ) ನಿಯಮದ ಮೂಲ ಅಳತೆ.

ಬಿಚ್ಚುವ ಮೊದಲು ಎಲ್ಲ ತಂತಿಗೂ ಟೇಪ್ ಸುತ್ತಿ ಹೆಸರು ಬರೆಯಿರಿ, ಫೋಟೋ ತೆಗೆಯಿರಿ. ಮೊದಲು ಮೈನಸ್ ಬಿಚ್ಚಿ. ಉಂಗುರ, ವಾಚು ತೆಗೆದಿಡಿ. ಬಿಲ್ಜ್ ಪಂಪು (ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವುದು) ಆ ಹೊತ್ತಿನಲ್ಲಿ ಓಡುವುದಿಲ್ಲ ಅನ್ನುವುದು ನೆನಪಿರಲಿ. ಅದಕ್ಕೆ ಸ್ಟಾರ್ಟರ್ ಬ್ಯಾಟರಿಯಿಂದ ಫ್ಯೂಸ್ ಸಮೇತ ಒಂದು ತಾತ್ಕಾಲಿಕ ಲೈನ್ ಕೊಟ್ಟು ಆಮೇಲೆ ಶುರು ಮಾಡಿ.

ಎರಡು ಲಿಥಿಯಂಗಳನ್ನೂ ಒಂದೊಂದಾಗಿ 14.4 ವೋಲ್ಟ್ ತನಕ ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿ. ಪ್ಲಸ್ ಒಂದು ಬ್ಯಾಟರಿಯಿಂದ ತೆಗೆದರೆ ಮೈನಸ್ ಇನ್ನೊಂದರಿಂದ ತೆಗೆಯಿರಿ. ಹಾಗಾದರೆ ಎರಡೂ ಸಮನಾಗಿ ದುಡಿಯುತ್ತವೆ. ಮಾನಿಟರ್‌ನ ಶಂಟ್ (ಕರೆಂಟ್ ಅಳೆಯುವ ತುಂಡು) ಆಚೆಗೇ, ಅಂದರೆ ಬ್ಯಾಟರಿ ಇಲ್ಲದ ಬದಿಗೇ, ಎಲ್ಲ ಮೈನಸ್ ತಂತಿ ಬರಬೇಕು. ಸೋಲಾರ್ ಮೈನಸ್ ನೇರ ಬ್ಯಾಟರಿಗೆ ಕೊಟ್ಟರೆ ಮಾನಿಟರ್‌ಗೆ ಆ ಲೆಕ್ಕ ಸಿಗುವುದೇ ಇಲ್ಲ. ಸೋಲಾರ್ ಕಂಟ್ರೋಲರ್‌ನಲ್ಲಿ ಈಕ್ವಲೈಸ್ ಮತ್ತು ಟೆಂಪರೇಚರ್ ಕಾಂಪೆನ್ಸೇಷನ್ ಆಫ್ ಮಾಡಿ. ಉಳಿದದ್ದು ಬ್ಯಾಟರಿ ಕೈಪಿಡಿಯಲ್ಲಿದ್ದ ಹಾಗೆ. 0 ಡಿಗ್ರಿಗಿಂತ ತಣ್ಣಗಿರುವಾಗ ಮಾತ್ರ ಚಾರ್ಜ್ ಮಾಡಲೇಬಾರದು. ಹೊಸವು ಚಿಕ್ಕವು, ಹಳೆಯ ಪೆಟ್ಟಿಗೆಯಲ್ಲಿ ಜಾಗ ಉಳಿಯುತ್ತದೆ. ಮರದ ತುಂಡು ಕೊಟ್ಟು, ಬೆಲ್ಟ್ ಕಟ್ಟಿ ಅಲ್ಲಾಡದಂತೆ ಮಾಡಿ.

ಟರ್ಮಿನಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಿಸಿಯಾಗಿ ಕಪ್ಪಾದ ಜಾಯಿಂಟ್‌ಗಳನ್ನು ನಾನು ನೋಡುವುದು ಅಲ್ಲೇ ಜಾಸ್ತಿ. ದಪ್ಪ ತಂತಿಯ ಲಗ್ (ತಂತಿ ತುದಿಯ ತೂತಿರುವ ಬಿಲ್ಲೆ) ಬ್ಯಾಟರಿ ಟರ್ಮಿನಲ್ ಮೈಗೆ ನೇರವಾಗಿ ತಾಗಿ ಕೂರಬೇಕು. ಅದರ ಮೇಲೆ ಸಣ್ಣ ಲಗ್, ಆಮೇಲೆ ವಾಷರ್, ಕೊನೆಗೆ ಬೋಲ್ಟು. ಲಗ್ ಕೆಳಗೆ ಸ್ಟೇನ್‌ಲೆಸ್ ವಾಷರ್ ಸಿಕ್ಕಿಕೊಂಡರೆ ಕರೆಂಟೆಲ್ಲ ಅದರ ಮೂಲಕವೇ ಹೋಗಬೇಕು. ಸ್ಟೇನ್‌ಲೆಸ್‌ನಲ್ಲಿ ಕರೆಂಟ್ ಸರಾಗವಾಗಿ ಹರಿಯುವುದಿಲ್ಲ. ನೋಡಲು ಬಿಗಿಯಾಗಿರುತ್ತದೆ, ಲೋಡ್ ಬಿದ್ದಾಗ ಬಿಸಿಯಾಗುತ್ತದೆ. ಎಲ್ಲ ಮುಗಿದ ಮೇಲೆ ಇನ್ವರ್ಟರ್‌ನಲ್ಲಿ ದೊಡ್ಡ ಲೋಡ್ ಹಾಕಿ, 50 ಆಂಪ್ ಆದರೂ ಹರಿಯಲಿ. ಮಲ್ಟಿಮೀಟರ್‌ನ ಒಂದು ಮೊನೆ ಟರ್ಮಿನಲ್ ಮೇಲೆ, ಇನ್ನೊಂದು ಲಗ್ ಮೇಲೆ ಇಟ್ಟು ಮಿಲಿವೋಲ್ಟ್ ನೋಡಿ. ಎಲ್ಲ ಜಾಯಿಂಟಿನಲ್ಲೂ ಸೊನ್ನೆಯ ಹತ್ತಿರ ಇರಬೇಕು. ಯಾವುದೋ ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ತೋರಿಸಿದರೆ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ. ಬಂದ ರೀಡಿಂಗ್ ಇಲ್ಲಿ ಹಾಕಿ ಸರ್, ನೋಡುತ್ತೇನೆ.