ಥರ್ಡ್ ಮ್ಯಾನ್ ನೆರಳು, ಹಸಿ ಬೀದಿ: ಮಂಡಿಪೇಟೆ ಓಣಿಯಲ್ಲಿ ಆಗುತ್ತಾ?

ಬೆಣ್ಣೆಖಾಲಿ17:
1949ರ ‘ದಿ ಥರ್ಡ್ ಮ್ಯಾನ್’ ಸಿನಿಮಾದಲ್ಲಿ ವಿಯೆನ್ನಾದ ಕಲ್ಲುಹಾಸಿನ ಬೀದಿ ರಾತ್ರಿ ಹೊತ್ತು ಥಳಥಳ ಅಂತಿರುತ್ತೆ, ಮಳೆ ಬೀಳೋದು ಕಾಣಲ್ಲ. ಗೋಡೆ ಮೇಲೆ ಓಡೋ ನೆರಳಂತೂ ಮನೆಯೆತ್ತರ. ಕಿರುಚಿತ್ರಕ್ಕೆ ದಾವಣಗೆರೆ ಮಂಡಿಪೇಟೆ ಒಳಗಿನ ಓಣಿಯಲ್ಲಿ ಅಂಥದ್ದೇ ಬೇಕು. 10 ಅಡಿ ಅಗಲ, ಸಿಮೆಂಟ್ ರಸ್ತೆ. ಇರೋದು ಒಂದು ಎಲ್‌ಇಡಿ ಲೈಟು, ಅದರ ಮುಂದೆ ಬೆಳಕು ಮೆದು ಮಾಡೋ 2 ಅಡಿ ಸಾಫ್ಟ್‌ಬಾಕ್ಸು. ನೆರಳು ಮಸುಕು, ನೀರು ಹಾಕಿದ್ರೆ ರಸ್ತೆ ಬರೀ ಕಪ್ಪು. ಯಾಕೆ?

ಏಳುಸುತ್ತು16:
ಸಾಫ್ಟ್‌ಬಾಕ್ಸ್ ಬಿಚ್ಚಿಡ್ರಿ, ತಕರಾರೇ ಅದರದ್ದು. ಲೈಟಿಂದ ಗೋಡೆಗಿರೋ ದೂರವನ್ನ ಲೈಟಿಂದ ಆಳಿಗಿರೋ ದೂರದಿಂದ ಭಾಗಿಸಿ. ಗೋಡೆ 16 ಅಡಿ, ಆಳು 4 ಅಡಿ ಅಂದ್ರೆ ನೆರಳು ನಾಲ್ಕು ಪಟ್ಟು. ಐದೂವರೆ ಅಡಿಯವನು 22 ಅಡಿ ಆಗ್ತಾನೆ. ಇದು ಲೈಟು ನೆಲಕ್ಕೆ ಕೂತಿದ್ರೆ ಮಾತ್ರ. ಒಂದೂವರೆ ಅಡಿ ಎತ್ತಿದ್ರೋ, ಹದಿನೇಳೂವರೆಗೇ ನಿಲ್ಲುತ್ತೆ. ಇದೇ ಅಳತೆಯಲ್ಲಿ ಅಂಚಿನ ಮಸುಕು ಲೈಟಿನ ಅಗಲದ ಮೂರು ಪಟ್ಟು: ನಿಮ್ಮ ಸಾಫ್ಟ್‌ಬಾಕ್ಸಿಗೆ 6 ಅಡಿ, ಬರೀ ಒಂದಿಂಚಿನ ಎಲ್‌ಇಡಿ ಚಿಪ್ಪಿಗೆ 3 ಇಂಚು. 10 ಅಡಿ ಓಣಿಯಲ್ಲಿ ಎದುರುಗೋಡೆ ಸಾಲಲ್ಲ, ಓಣಿ ತಿರುಗೋ ಕಡೆಯ ಗೋಡೆ ಹಿಡೀರಿ. ಬೀದಿದೀಪ ಆ ಗೋಡೆಗೆ ಬಿದ್ರೆ ನೆರಳು ತೆಳುವಾಗುತ್ತೆ.

ಒದ್ದೆಗೋಡೆ:
ರಸ್ತೆ ಕಪ್ಪಾಗೋದು ಲೈಟು ಕ್ಯಾಮೆರಾ ಪಕ್ಕದಲ್ಲಿದ್ದಾಗ. ಹಸಿ ನೆಲ ಬೆಳಕನ್ನ ಮುಂದಕ್ಕೆ ಜಾರಿಸುತ್ತೆ, ನಿಮ್ಮ ಕಡೆ ವಾಪಸ್ ಕಳಿಸಲ್ಲ. ಲೈಟು ಆ ತುದಿಯಲ್ಲಿ, ಕ್ಯಾಮೆರಾಗೆ ಎದುರಾಗಿ, ಕಟ್ಟೆ ಮರೆಯಲ್ಲಿರಲಿ. ವಿಯೆನ್ನಾದಲ್ಲೂ ಪೈಪಲ್ಲಿ ನೀರು ಬಿಟ್ಟೇ ತೆಗೆದದ್ದು. 100 ಅಡಿ ಓಣಿಗೆ 1 ಮಿ.ಮೀ. ದಪ್ಪ ನೀರು ಅಂದ್ರೂ 93 ಲೀಟರ್. ಸಿಮೆಂಟು ಕುಡಿಯುತ್ತೆ, ಹಾಗಾಗಿ 200 ಲೀಟರಿನ ಡ್ರಮ್ ಎರಡು ಇಟ್ಕೊಳ್ಳಿ. ಮೊದಲು ಗುಡಿಸಿ, ಇಲ್ಲಾಂದ್ರೆ ಹೊಟ್ಟು ಧೂಳು ಸೇರಿ ರಾಡಿ. ನೆಲದಲ್ಲಿ ಲೈಟಿಡೋ ನೆರಳಿನ ಶಾಟು ನೆಲ ಒಣಗಿದ್ದಾಗಲೇ ಮುಗಿಸಿ, ಆಮೇಲೆ ನೀರು. ವೈರಿನ ಜಾಯಿಂಟು ನೆಲ ಮುಟ್ಟಬಾರ್ದು, ಕರೆಂಟು ಸೋರಿದ್ರೆ ತಾನೇ ಲೈನ್ ಕಡಿಯೋ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದ ಲೈನಂತೂ ಬೇಡವೇ ಬೇಡ.

ಬೆಣ್ಣೆಖಾಲಿ17:
ಆ ಸಿನಿಮಾದ ನೆರಳು ಅದರ ನಟ ಆರ್ಸನ್ ವೆಲ್ಸ್‌ದೇನಾ? ನಮ್ಮ ಹೀರೋ ಎರಡು ರಾತ್ರಿ ಸಿಗಲ್ಲ ಅಂತಿದಾನೆ.

ಏಳುಸುತ್ತು16:
ಅಲ್ಲ. ವೆಲ್ಸ್ ಬರೋದು ತಡವಾದಾಗ ಸಹಾಯಕ ನಿರ್ದೇಶಕ ಗೈ ಹ್ಯಾಮಿಲ್ಟನ್‌ಗೆ ದೊಡ್ಡ ಕೋಟು, ಟೋಪಿ ಹಾಕಿಸಿ ಓಡಿಸಿದ್ರು. ಮುಂದೆ ಬಾಂಡ್ ಸಿನಿಮಾ ‘ಗೋಲ್ಡ್‌ಫಿಂಗರ್’ ನಿರ್ದೇಶಿಸಿದ ಅದೇ ಆಸಾಮಿ. ಚರಂಡಿ ಜಾಲರಿಯಿಂದ ಮೇಲೆ ಬರೋ ಬೆರಳೂ ವೆಲ್ಸ್‌ದಲ್ಲ, ನಿರ್ದೇಶಕ ಕ್ಯಾರಲ್ ರೀಡ್‌ದು. ಒಳಚರಂಡಿ ಅಂದ್ರೆ ವೆಲ್ಸ್‌ಗೆ ಆಗ್ತಿರಲಿಲ್ಲ. ಅವನ ದೃಶ್ಯಗಳಿಗೆ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ ಸೆಟ್ ಹಾಕಿದ್ರು. ಇಷ್ಟಾಗಿಯೂ ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್‌ಗೆ ಆಸ್ಕರ್ ಬಂತು.

ನಿಮ್ಮ ಹೀರೋ ಮೈಕಟ್ಟಿನವರು ಯಾರಾದ್ರೂ ಸಾಕು. ಗೋಡೆಗೆ ಸಮಾನಾಂತರವಾಗಿ ಓಡಿಸಿ. ಗೋಡೆ ಕಡೆಗೇ ಓಡಿದ್ರೆ ಕಾಲೆರಡೂ ಒಂದಾಗಿ ಓಟವೇ ಗೊತ್ತಾಗಲ್ಲ, ನೆರಳೂ ಹೆಜ್ಜೆಹೆಜ್ಜೆಗೆ ಕುಗ್ಗುತ್ತೆ. ಕೋಟಿನ ಗುಂಡಿ ಹಾಕಬೇಡಿ, ಅಂಚು ಹಾರಬೇಕು.