ಐದನೇ ಕ್ಲಾಸಿನೊಳಗಿನ ಮಕ್ಕಳಿಗೆ ಕಂಪ್ಯೂಟರ್‌ನಲ್ಲಿ ಏನು ಕಲಿಸಬೇಕು?

ಕಾರಟಗಿ ಟೀಚರ್
ಕಾರಟಗಿ ಹತ್ತಿರ ನಮ್ಮದೊಂದು ಪ್ರಾಥಮಿಕ ಶಾಲೆ. ದಾನಿಗಳು ನಾಲ್ಕು ಹಳೇ ಕಂಪ್ಯೂಟರ್ ಕೊಟ್ಟಿದ್ದಾರೆ. ಈಗ ಕಲಿಸುತ್ತಿರುವುದು ಇಷ್ಟೇ: ಇದು ಮೌಸ್, ಇದು ಕೀಬೋರ್ಡ್, ಆಮೇಲೆ ಪೇಂಟ್‌ನಲ್ಲಿ ಮನೆ ಬಿಡಿಸುವುದು. ಇಷ್ಟಕ್ಕೇ ನಿಲ್ಲಿಸಲು ಮನಸ್ಸು ಬರುತ್ತಿಲ್ಲ. ಬೇರೆ ದೇಶಗಳಲ್ಲಿ ಏನು ಮಾಡುತ್ತಾರೆ? ಮಧ್ಯಾಹ್ನ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಅದನ್ನೂ ನೋಡಿಕೊಂಡು ಹೇಳಿ.

ಸಿಂಧನೂರಿನ ಓದುಗ
ಮೇಡಂ, ಇಂಗ್ಲೆಂಡ್‌ನಲ್ಲಿ 2014ರಿಂದ ಐದು ವರ್ಷದ ಮಕ್ಕಳಿಗೇ ಪ್ರೋಗ್ರಾಮಿಂಗ್ ಶುರು. ಜಪಾನ್ 2020ರಲ್ಲಿ ಪ್ರಾಥಮಿಕ ಶಾಲೆಗೆ ಕಡ್ಡಾಯ ಮಾಡಿತು, ಆದರೆ ಅದಕ್ಕೆಂದು ಬೇರೆ ವಿಷಯ ಇಡಲಿಲ್ಲ, ಗಣಿತ ವಿಜ್ಞಾನದೊಳಗೇ ಸೇರಿಸಿದರು. ನನಗೆ ಇದೇ ಸರಿ ಅನಿಸುತ್ತದೆ. ಅಲ್ಲಿ ಐದನೇ ಕ್ಲಾಸಿನ ಗಣಿತದಲ್ಲಿ ಪ್ರೋಗ್ರಾಂ ಮಾಡಿಸಿ ಸಮಬಾಹುಗಳ ಆಕೃತಿ ಬರೆಸುತ್ತಾರೆ. ನೀವೂ ಸ್ಕ್ರ್ಯಾಚ್‌ನಲ್ಲಿ (ಆದೇಶದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಮಕ್ಕಳ ಸಾಫ್ಟ್‌ವೇರ್) ಸಮಬಾಹು ತ್ರಿಕೋನ ಬರೆಸಿ ನೋಡಿ. ಮೂಲೆ 60 ಡಿಗ್ರಿ ಅಲ್ವಾ ಎಂದು ಮಕ್ಕಳು 60 ತಿರುಗು ಅಂತಲೇ ಹಾಕುತ್ತಾರೆ, ಮೂರು ಗೆರೆ ಎಳೆದರೂ ಆಕೃತಿ ಮುಚ್ಚುವುದಿಲ್ಲ. ತಿರುಗಬೇಕಾದ್ದು 120! ಯಾಕೆ ಅಂತ ಅವರೇ ತಲೆ ಕೆಡಿಸಿಕೊಳ್ಳಲಿ, ಬೇಗ ಹೇಳಿಕೊಡಬೇಡಿ.

ರಾಯಚೂರು ಮೇಷ್ಟ್ರು
ಮಷೀನ್ ಬಂದ ಮಾತ್ರಕ್ಕೆ ಓದು ಬರುವುದಿಲ್ಲ. ಪೆರುವಿನಲ್ಲಿ ಸರ್ಕಾರ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಅಧ್ಯಯನದಲ್ಲಿ ಹಳ್ಳಿ ಶಾಲೆಗಳ ಮಕ್ಕಳ ಗಣಿತವೂ ಭಾಷೆಯೂ ಸುಧಾರಿಸಿದ್ದು ಕಾಣಲಿಲ್ಲ. ಸ್ವೀಡನ್ ಕೂಡ 2023ರಲ್ಲಿ ಮತ್ತೆ ಅಚ್ಚಿನ ಪುಸ್ತಕ, ಕೈಬರಹದ ಕಡೆ ತಿರುಗಿತು. ಮೇಡಂ, ಓದು ಬರಹದ ಪೀರಿಯಡ್ ಮಾತ್ರ ಕಂಪ್ಯೂಟರ್‌ಗೆ ಬಿಟ್ಟುಕೊಡಬೇಡಿ.

ಬಳ್ಳಾರಿ ಅಕ್ಕ
ಕರೆಂಟ್ ಇಲ್ಲದಾಗಲೂ ಕಲಿಸಬಹುದು. ನ್ಯೂಜಿಲೆಂಡ್‌ನವರು ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನೇ ಮಾಡಿದ್ದಾರೆ. ಹಳೇ ಮದುವೆ ಕಾರ್ಡ್ ಐದು ತಗೊಳ್ಳಿ, ಹಿಂದೆ 16, 8, 4, 2, 1 ಚುಕ್ಕೆ ಹಾಕಿ ಐದು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿ. 13 ಅಂದರೆ 8, 4, 1 ಇರುವವರು ಚುಕ್ಕೆ ತೋರಿಸಬೇಕು, ಉಳಿದವರು ಕಾರ್ಡ್ ತಿರುಗಿಸಬೇಕು. 0ಯಿಂದ 31ರವರೆಗೆ ಎಲ್ಲಾ ಸಂಖ್ಯೆ ಬರುತ್ತದೆ. ಕಂಪ್ಯೂಟರ್ ಒಳಗೆ ಲೆಕ್ಕ ಇಡುವುದೂ ಹೀಗೇ, ಇದೆ ಇಲ್ಲ ಅಂತ ಎರಡೇ ಗುರುತಿನಲ್ಲಿ.

ಕಾರಟಗಿ ಟೀಚರ್
ಕಾರ್ಡ್ ಆಟ ಸೋಮವಾರವೇ ಆಡಿಸುತ್ತೇನೆ ಅಕ್ಕಾ. ಸರ್, ನಮ್ಮ ಹಳೇ ಮಷೀನ್‌ನಲ್ಲಿ ಸ್ಕ್ರ್ಯಾಚ್ ಓಡುತ್ತದಾ? ಇಂಟರ್ನೆಟ್ ಇಲ್ಲ.

ಸಿಂಧನೂರಿನ ಓದುಗ
ಹೊಸದು ಓಡದಿದ್ದರೆ ಸ್ಕ್ರ್ಯಾಚ್ 1.4 ಹಾಕಿ. ಪೆನ್‌ಡ್ರೈವ್‌ನಲ್ಲಿ ತಂದು ಇನ್‌ಸ್ಟಾಲ್ ಮಾಡಿದರೆ ಸಾಕು, ನೆಟ್ ಬೇಡ.